ಚಳಿಗೆ ಇಟ್ಟ ಬೀಜಗಳು

ಡಿಸೆಂಬರ್ 4

ಮಾವ,

ನಿನ್ನೆ ಫೋನಿನಲ್ಲಿ "ಕ್ಯಾನು ಮುಟ್ಟಬೇಡಿ" ಎಂದು ನಾನು ಆರು ಸಲ ಕೂಗಿದೆ. ಆರು ಸಲವೂ ನೀವು "ಊಟ ಆಯ್ತಮ್ಮ" ಎಂದಿರಿ. ಹಾಸ್ಟೆಲಿನ ಕಾರಿಡಾರಿನಲ್ಲಿ ಓಡಾಡುತ್ತಿದ್ದವರೆಲ್ಲ ನಿಂತು ನಕ್ಕರು. ನಲವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕದಲ್ಲಿ ಅಕ್ಷರದ ಮೊಳೆ ಜೋಡಿಸಿದವರ ಕಿವಿಯ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಆದ್ದರಿಂದ ಈ ಕಾಗದ.

ಹೊರಡುವ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಹಿತ್ತಲಿನಲ್ಲಿ ಐದು ಲೀಟರಿನ ಮೂವತ್ತೆರಡು ಖಾಲಿ ನೀರಿನ ಕ್ಯಾನುಗಳಿವೆ. ಪ್ರತಿಯೊಂದನ್ನೂ ನಡುವಿನಲ್ಲಿ ಕತ್ತರಿಸಿ, ತಳಕ್ಕೆ ತೂತು ಹಾಕಿ, ಗೇಣಿಗಿಂತ ಕಡಿಮೆ ಮಣ್ಣು ತುಂಬಿ, ಬೀಜ ಹಾಕಿ, ಮತ್ತೆ ಟೇಪು ಸುತ್ತಿದ್ದೇನೆ. ಬಾಯಿಯ ಮುಚ್ಚಳ ಬೇಕೆಂದೇ ತೆಗೆದಿದ್ದೇನೆ, ಮಳೆಯೂ ಮಂಜೂ ಒಳಗೆ ಇಳಿಯಲಿ ಎಂದು. ಹುಡುಕಿ ತಂದು ಮುಚ್ಚಬೇಡಿ. ಮೇಲೆ ಗೋಣಿ ಹೊದಿಸಬೇಡಿ. ಒಳಗೆ ತರಬೇಡಿ. ನಮ್ಮ ಬೆಟ್ಟದೂರಿನ ಹಿಮದ ಚಳಿ ತಾಗಬೇಕು, ಅದಕ್ಕೇ ಇಟ್ಟಿರುವುದು. ನೀವು ಮಾಡಬೇಕಾದ ಕೆಲಸ ಒಂದೇ, ಏನೂ ಮಾಡದಿರುವುದು.

ಮೂರು ವರ್ಷ ಕಿಟಕಿಯಲ್ಲಿ ಸಸಿ ಎಬ್ಬಿಸಲು ಹೋಗಿ ಮೂರು ವರ್ಷವೂ ಕೊಳೆಸಿದೆ. ಈ ಸಲ ಕೊಳೆಯಬಾರದು. ನಿಮ್ಮ ಮಗ ಹೇಳದೆ ಕೇಳದೆ ಮನೆ ಬಿಟ್ಟುಹೋದ ಮೇಲೆ ಈ ಹೆರಿಗೆ ದಾದಿಯ ತರಬೇತಿಗೆ ಅರ್ಜಿ ಹಾಕಲು ನನಗೆ ಎರಡು ವರ್ಷ ಬೇಕಾಯಿತು. ಏಪ್ರಿಲಿನಲ್ಲಿ ಪಾಸಾಗಿ ಬಂದಾಗ ಆ ಹಿತ್ತಲಿನಲ್ಲಿ ಏನಾದರೂ ಹಸಿರು ಕಾಣಬೇಕು, ಅಷ್ಟೇ.

ಕಣ್ಣಿನ ಔಷಧಿಯ ಹನಿ ಮರೆಯಬೇಡಿ.

ನಿಮ್ಮ ಸೊಸೆ

ಡಿಸೆಂಬರ್ 15

ಸೊಸೆಗೆ,

ಕಾಗದ ತಲುಪಿತು. ಭೂತಗನ್ನಡಿ ಹಿಡಿದು ಎರಡು ಸಲ ಓದಿದೆ. ‘ಗಡಿಬಿಡಿ’ ಸರಿಯಾಗಿ ಬರೆದಿದ್ದೀಯ, ಸಂತೋಷ. ಆದರೆ ಕ್ಯಾನುಗಳ ಮೇಲಿನ ಚೀಟಿಗಳಲ್ಲಿ ಒಂದೇ ಹೂವನ್ನು ಒಂದು ಕಡೆ ‘ಹಾಲಿಹಾಕ್’ ಎಂದೂ ಇನ್ನೊಂದು ಕಡೆ ‘ಹಾಲಿಯಾಕ್’ ಎಂದೂ ಬರೆದಿದ್ದೀಯ. ಹೂ ಬಿಡುವ ಹೊತ್ತಿಗಾದರೂ ಒಂದು ತೀರ್ಮಾನಕ್ಕೆ ಬಾ.

ನಿನ್ನ ಮಾತು ನನಗೆ ಹಿಡಿಸಿಲ್ಲ. ಬೀಜ ಎಂದರೆ ಬೆಚ್ಚಗೆ ಇಡುವ ವಸ್ತು. ಬೆಳಿಗ್ಗೆ ಹಲ್ಲುಜ್ಜುತ್ತ ನೋಡಿದರೆ ಮೂವತ್ತೆರಡೂ ಸಾಲಾಗಿ ನಿಂತು ನಡುಗುತ್ತಿರುವ ಹಾಗೆ ಕಾಣುತ್ತವೆ. ನೋಡಿಕೊಂಡು ಸುಮ್ಮನಿರುವುದು ಸುಲಭದ ಕೆಲಸವಲ್ಲ.

ಮೇಲ್ಮನೆಯಾಕೆ ನಿನ್ನೆ ಮೆಟ್ಟಿಲಲ್ಲಿ ಅಡ್ಡಗಟ್ಟಿದಳು. "ಏನ್ರೀ ಇದು, ಹಿತ್ತಲು ಗುಜರಿ ಅಂಗಡಿ ಆಯ್ತಲ್ಲ? ಬಟ್ಟೆ ಒಣಗಿಸೋಕೆ ಕಾಲಿಡಕ್ಕಾಗ್ತಿಲ್ಲ!" "ಅದರೊಳಗೆ ಹೂವಿದೆ" ಎಂದೆ. "ಎಲ್ಲಿ, ತೋರಿಸಿ?" ಎಂದಳು. ತೋರಿಸಲು ಏನಿದೆ? ಕೆಸರು! ತಲೆ ತಗ್ಗಿಸಿಕೊಂಡು ಒಳಗೆ ಬಂದೆ.

ನಿನ್ನ ಕೋಣೆಯನ್ನು ವಾರಕ್ಕೊಮ್ಮೆ ಗುಡಿಸುತ್ತಿದ್ದೇನೆ. ಓದಿನ ಕಡೆ ಗಮನ ಕೊಡು.

ಮಾವ

ಜನವರಿ 2

ಸೊಸೆಗೆ,

ಬೈಯುವ ಮೊದಲು ಪೂರ್ತಿ ಓದು. ನಾಲ್ಕು ದಿನ ಎಡೆಬಿಡದೆ ಹಿಮ ಬಿತ್ತು. ಕ್ಯಾನುಗಳು ಕುತ್ತಿಗೆಯವರೆಗೆ ಹೂತುಹೋದವು. ಐದನೆಯ ದಿನ ತಡೆಯಲಾಗಲಿಲ್ಲ. ಬಾಗಿಲ ಹತ್ತಿರದ ಆರನ್ನು ಮಾತ್ರ ಅಡುಗೆಮನೆಗೆ ತಂದು ಒಲೆಯ ಪಕ್ಕದಲ್ಲಿಟ್ಟೆ. ಆರು ಮಾತ್ರ. ಎಂಟೇ ದಿನ! ಎಲ್ಲ ಮೊಳೆತು ನಿಂತಿವೆ. ಗೇಣುದ್ದ ಬೆಳೆದಿವೆ. ಮೇಲ್ಮನೆಯಾಕೆಯನ್ನು ಕರೆದು ತೋರಿಸಿದೆ, ಬಾಯಿ ಮುಚ್ಚಿಕೊಂಡು ಹೋದಳು.

ಹೊರಗಿರುವ ಇಪ್ಪತ್ತಾರು ಇನ್ನೂ ಕಲ್ಲಿನಂತಿವೆ. ಯಾರು ಸರಿ ಎಂದು ನಾನು ಹೇಳುವುದಿಲ್ಲ.

ಮಾವ

ಜನವರಿ 9

ಮಾವ,

ಪೂರ್ತಿ ಓದಿದ ಮೇಲೆಯೇ ಬೈಯುತ್ತಿದ್ದೇನೆ.

ಎಂಟು ದಿನದಲ್ಲಿ ಗೇಣುದ್ದ ಬೆಳೆದ ಸಸಿ ಬೆಳೆದಿಲ್ಲ ಮಾವ, ಬೆಳಕು ಹುಡುಕಿಕೊಂಡು ಓಡುತ್ತಿದೆ. ದಾರದಂತೆ ಬೆಳ್ಳಗಿದೆ ತಾನೆ? ಇನ್ನೊಂದು ವಾರಕ್ಕೆ ಬಗ್ಗುತ್ತದೆ, ಆಮೇಲೆ ಬುಡ ಕೊಳೆಯುತ್ತದೆ. ಮೂರು ವರ್ಷ ನಾನು ನೋಡಿದ್ದು ಇದನ್ನೇ. ಈಗ ಹೊರಗಿಟ್ಟರೂ ಸಾಯುತ್ತವೆ, ಒಳಗಿಟ್ಟರೂ ಸಾಯುತ್ತವೆ.

ಆ ಹೊರಗಿನವು ಕಲ್ಲಿನಂತಿರಲಿ, ಇರಬೇಕಾದ್ದೇ ಹಾಗೆ. ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಸಿಪ್ಪೆ ಸಡಿಲವಾದ ಮೇಲೆ ತಮಗೆ ಬೇಕಾದಾಗ ಏಳುತ್ತವೆ. ಹಿಮ ಅವುಗಳಿಗೆ ಹೊದಿಕೆ. ಇದನ್ನೆಲ್ಲ ನಾನು ಹೇಳಿ ಹೋಗಿದ್ದೆ. ಬರೆದೂ ಕಳಿಸಿದ್ದೆ. ಇಲ್ಲಿ ದೊಡ್ಡ ಸಿಸ್ಟರ್ ದಿನಕ್ಕೆ ಹತ್ತು ಸಲ ಹೇಳುತ್ತಾರೆ, "ನೋವು ನೋಡೋಕಾಗಲ್ಲ ಅಂತ ಹೊತ್ತಿಗೆ ಮುಂಚೆ ಕೈ ಹಾಕಬೇಡಿ. ನಿಮ್ಮ ಸಮಾಧಾನಕ್ಕೆ ಕೈ ಹಾಕ್ತಿದ್ದೀರಾ, ತಾಯಿಗೆ ಬೇಕು ಅಂತ ಹಾಕ್ತಿದ್ದೀರಾ?" ಈ ಮಾತನ್ನು ನಿಮ್ಮ ಗೋಡೆಗೆ ಅಂಟಿಸಬೇಕು.

ಒಂದು ವಿಷಯ ಬಿಟ್ಟು ಎಲ್ಲದರಲ್ಲೂ ನೀವು ಒಳ್ಳೆಯವರು. ಆ ಒಂದು ವಿಷಯ ನನ್ನ ಮಾತು ಕೇಳುವುದು.

ಸೊಸೆ

ಜನವರಿ 20

ಸೊಸೆಗೆ,

ಆರೂ ಹೋದವು. ನೀನು ಹೇಳಿದ ಹಾಗೆಯೇ, ಮೊದಲು ಬಗ್ಗಿ, ಆಮೇಲೆ ಬುಡ ಕಪ್ಪಾಗಿ. ಮಣ್ಣನ್ನು ಗೋಡೆಯ ಮೂಲೆಗೆ ಸುರಿದೆ. ಮೇಲ್ಮನೆಯಾಕೆ ಕಿಟಕಿಯಿಂದ ನೋಡುತ್ತಿದ್ದಳು.

ಕಾಗದದಲ್ಲಿ ಅಷ್ಟು ಕಟುವಾಗಿ ಬರೆಯಬೇಕಿರಲಿಲ್ಲ. ನಾನೇನು ಹಾಳಾಗಲಿ ಎಂದು ಒಳಗೆ ತಂದೆನೆ?

ಇಪ್ಪತ್ತಾರನ್ನು ಇನ್ನು ಮುಟ್ಟುವುದಿಲ್ಲ.

ಮಾವ

ಫೆಬ್ರವರಿ 11

ಸೊಸೆಗೆ,

ಇಷ್ಟು ದಿನ ಬರೆಯಲಾಗಲಿಲ್ಲ, ಸ್ವಲ್ಪ ಕೆಲಸವಿತ್ತು.

ಕ್ಯಾನುಗಳು ಚೆನ್ನಾಗಿವೆ. ಚಾವಣಿಯ ಹಿಮ ಜಾರಿ ಮೇಲೆ ಬೀಳುತ್ತಿದ್ದರಿಂದ ಎಲ್ಲವನ್ನೂ ಗೋಡೆಯಿಂದ ನಾಲ್ಕಡಿ ಈಚೆಗೆ ಸರಿಸಿದೆವು. ಎತ್ತಿ ನೋಡಿದಾಗ ಹಗುರವಾಗಿದ್ದವನ್ನು ಮಾತ್ರ ತಟ್ಟೆಯ ನೀರಿನಲ್ಲಿ ನಿಲ್ಲಿಸಿ, ತಳದಿಂದ ನೀರು ಕುಡಿಸಿ, ಮತ್ತೆ ಹೊರಗಿಟ್ಟೆವು. ನಿನ್ನ ಚೀಟಿಗಳ ಶಾಯಿ ಮಾಸುತ್ತಿತ್ತು, ಬಣ್ಣದಲ್ಲಿ ತಿದ್ದಿಯಾಯಿತು. ‘ಹಾಲಿಹಾಕ್’ ಎಂದೇ ಬರೆಸಿದ್ದೇನೆ.

ನಿನಗೆ ತೃಪ್ತಿಯಾಗುವ ಹಾಗೆ ನಡೆದಿದೆ ಎಂದುಕೊಂಡಿದ್ದೇನೆ. ಪರೀಕ್ಷೆ ಯಾವತ್ತು?

ಮಾವ

ಫೆಬ್ರವರಿ 17

ಮಾವ,

ಪರೀಕ್ಷೆ ಮಾರ್ಚ್ ಇಪ್ಪತ್ತಕ್ಕೆ ಶುರು.

ನಿಮ್ಮ ಕಾಗದದಲ್ಲಿ ‘ಸರಿಸಿದೆವು’, ‘ಹೊರಗಿಟ್ಟೆವು’, ‘ಬರೆಸಿದ್ದೇನೆ’ ಎಂದಿದೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಅನ್ನ ಸೇರದ ಮನುಷ್ಯ ನೀವು. ಮಂಡಿ ನೋವಿನಲ್ಲಿ ಇಪ್ಪತ್ತಾರು ಕ್ಯಾನು ಎತ್ತಿ ಸರಿಸುವುದು ನಿಮ್ಮೊಬ್ಬರಿಂದ ಆಗುವುದೂ ಇಲ್ಲ. ಮನೆಯಲ್ಲಿ ಯಾರಿದ್ದಾರೆ?

ಸೊಸೆ

ಫೆಬ್ರವರಿ 23

ಸೊಸೆಗೆ,

ಮೇಲ್ಮನೆಯಾಕೆ ಸಹಾಯ ಮಾಡಿದಳು. ಬೇರೆ ಏನಿಲ್ಲ. ಓದಿಕೋ.

ಮಾವ

ಮಾರ್ಚ್ 4

ಸೊಸೆಗೆ,

ಹತ್ತು ದಿನವಾದರೂ ನಿನ್ನಿಂದ ಉತ್ತರವಿಲ್ಲ. ಮೇಲ್ಮನೆಯಾಕೆ ನಿನ್ನ ಕ್ಯಾನಿಗೆ ಕೈ ಹಚ್ಚುತ್ತಾಳೆ ಎಂದರೆ ನೀನು ನಂಬುವವಳಲ್ಲ ಎಂದು ಅಂಚೆ ಡಬ್ಬಿಗೆ ಹಾಕುವಾಗಲೇ ನನಗೆ ಗೊತ್ತಿತ್ತು. ಆದರೂ ಹಾಕಿದೆ.

ಅವನು ಬಂದಿದ್ದಾನೆ. ಜನವರಿ ಇಪ್ಪತ್ತೇಳಕ್ಕೆ ಬಂದ. ಬಾಗಿಲು ತಟ್ಟಿದ್ದು ನನಗೆ ಕೇಳಿಸಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದನೋ, ಹಾಲು ತರಲು ಬಾಗಿಲು ತೆಗೆದರೆ ಹೊಸ್ತಿಲಲ್ಲೇ ಕೂತಿದ್ದ. "ಅಪ್ಪಾ" ಎಂದ. ತುಟಿ ನೋಡಿ ತಿಳಿಯಿತು. ತಲೆಗೂದಲು ಅರ್ಧ ನರೆತಿದೆ. ಏನು ಮಾಡಬೇಕಿತ್ತು ಹೇಳು? ಒಳಗೆ ಬಾ ಎಂದೆ.

ಎರಡು ವರ್ಷ ಎಲ್ಲೆಲ್ಲಿದ್ದ ಎಂದು ಒಂದೊಂದು ದಿನ ಒಂದೊಂದು ಹೇಳುತ್ತಾನೆ. ಯಾವುದೋ ಗೆಳೆಯನ ಜೊತೆ ಲಾರಿಯಲ್ಲಿ ಹೋದನಂತೆ, ಆಮೇಲೆ ಗೋದಾಮಿನ ಕೆಲಸವಂತೆ. ಯಾಕೆ ಹೋದೆ ಎಂದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ. ಕ್ಯಾನುಗಳನ್ನು ಸರಿಸಿದ್ದು, ನೀರು ಕುಡಿಸಿದ್ದು, ಬಣ್ಣದಲ್ಲಿ ಬರೆದದ್ದು ಅವನೇ. ನಿನಗೆ ಹೇಳಬೇಡ, ಪರೀಕ್ಷೆ ಮುಗಿಯಲಿ ಎಂದ. ನನಗೂ ಅದೇ ಸರಿ ಎನ್ನಿಸಿತು. ಅನುಕೂಲವಾದದ್ದು ಸರಿ ಎಂದೇ ಅನ್ನಿಸುತ್ತದೆ.

ಬೈದು ಬರೆ. ಬರೆಯದೆ ಇರಬೇಡ.

ಮಾವ

ಮಾರ್ಚ್ 13

ಮಾವ,

ನಿಮ್ಮ ಮಗನನ್ನು ಒಳಗೆ ಕರೆದದ್ದಕ್ಕೆ ನನಗೆ ಕೋಪವಿಲ್ಲ. ಕರೆಯದಿದ್ದರೆ ನೀವು ನೀವಾಗಿರುತ್ತಿರಲಿಲ್ಲ.

ಅವನು ಹೋದ ಮೇಲೆ ನೀವು ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿರಿ. ಕೇಳಿದವರಿಗೆಲ್ಲ ಉತ್ತರ ಹೇಳಿದವಳು ನಾನು. ನಿಮ್ಮ ಕಣ್ಣಿನ ಆಪರೇಷನ್ನಿಗೆ ಕೈ ಹಿಡಿದು ಕರೆದುಕೊಂಡು ಹೋದವಳು ನಾನು. "ಗಂಡ ಇಲ್ಲದ ಮನೇಲಿ ಇನ್ನೂ ಯಾಕಿದ್ದೀಯ?" ಎಂದು ನನ್ನ ಅಣ್ಣ ಕೇಳಿದಾಗ "ಮಾವ ಇದ್ದಾರಲ್ಲ" ಎಂದವಳು ನಾನು. ಆ ಮಾವ ಐದು ವಾರ ನನ್ನ ಕಣ್ಣಿಗೆ ಮಣ್ಣೆರಚಿದರು. ನಾನು ಇಲ್ಲಿ ಕೂತು ಟೇಪು, ತೂತು, ನೀರು ಎಂದು ಯೋಚಿಸುತ್ತಿದ್ದೆ. ಅವನು ಅಲ್ಲಿ ಕೂತು ನನ್ನ ಕ್ಯಾನುಗಳಿಗೆ ಹೆಸರು ಬರೆಯುತ್ತಿದ್ದ.

ಇನ್ನೊಂದು. ಅಂಚೆ ಬರುವುದು ಸಂಜೆ, ಆಗ ನಿಮ್ಮ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಫೆಬ್ರವರಿಯ ನನ್ನ ಕಾಗದವನ್ನು ಯಾರು ಓದಿದರು? ಅವನು ಓದಿ, ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳಿದನೆ? "ಮನೆಯಲ್ಲಿ ಯಾರಿದ್ದಾರೆ" ಎಂಬ ನನ್ನ ಪ್ರಶ್ನೆಯನ್ನು ಅವನ ಬಾಯಿಂದಲೇ ಕೇಳಿ, ಮೇಲ್ಮನೆಯಾಕೆ ಎಂದು ಬರೆದಿರಾ? ಇದನ್ನು ನೆನೆದಾಗ ಮೈಯೆಲ್ಲ ಉರಿಯುತ್ತದೆ. ಮೊನ್ನೆ ತರಗತಿಯಲ್ಲಿ ರಕ್ತದೊತ್ತಡ ನೋಡುವುದನ್ನು ನನ್ನ ಮೇಲೇ ಕಲಿಸಿದರು. ದೊಡ್ಡ ಸಿಸ್ಟರ್ ಅಂಕಿ ನಂಬದೆ ಎರಡು ಸಲ ಪಟ್ಟಿ ಕಟ್ಟಿ, "ನಿನಗೇನಾಗಿದೆಯೇ?" ಎಂದು ಕೇಳಿದರು.

ಇಲ್ಲಿಂದ ನಾನು ಆ ಮನೆಗೆ ಬರುವುದಿಲ್ಲ. ಪಾಸಾದರೆ ನಮ್ಮ ಊರಿನ ಹೆರಿಗೆ ಆಸ್ಪತ್ರೆಯಲ್ಲೇ ಕೆಲಸ ಎಂದು ಖಾತ್ರಿಯಾಗಿದೆ, ಆವರಣದಲ್ಲಿ ಒಂದು ಕೋಣೆ ಕೊಡುತ್ತಾರೆ. ಕ್ಯಾನುಗಳನ್ನು ಯಾರಿಗೆ ಬೇಕೋ ಅವರಿಗೆ ಕೊಡಿ. ಮೇಲ್ಮನೆಯಾಕೆ ಕಸಕ್ಕೆ ಹಾಕಿದರೂ ಸರಿ. ಕೊನೆಗೂ ಗುಜರಿ ಎಂದ ಆಕೆಯ ಮಾತೇ ನಿಜವಾಯಿತು.

ಪರೀಕ್ಷೆ ಮುಗಿಯುವವರೆಗೆ ಬರೆಯಬೇಡಿ.

(ಸಹಿ ಏನು ಹಾಕಬೇಕೋ ಗೊತ್ತಾಗುತ್ತಿಲ್ಲ.)

ಮಾರ್ಚ್ 28

ಸೊಸೆಗೆ,

ಪರೀಕ್ಷೆ ಮುಗಿದಿರಬೇಕು ಎಂದು ಲೆಕ್ಕ ಹಾಕಿ ಬರೆಯುತ್ತಿದ್ದೇನೆ. ನಿನ್ನ ಹದಿಮೂರನೆಯ ತಾರೀಖಿನ ಕಾಗದವನ್ನು ನಾನೇ ಓದಿದೆ. ಬೆಳಿಗ್ಗೆ, ಬಿಸಿಲಿಗೆ ಕೂತು, ಭೂತಗನ್ನಡಿಯಲ್ಲಿ. ಓದಿಕೊಡಲೇ ಎಂದು ಅವನು ಕೈ ಚಾಚಿದ. ಕೊಡಲಿಲ್ಲ. ಹೌದು, ಫೆಬ್ರವರಿಯದನ್ನು ಅವನು ಓದಿದ್ದ. ಆ ಪ್ರಶ್ನೆ ಬಂದಾಗ ಅವನು ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದ. ನಾನೂ ಅವನ ಮುಖ ನೋಡಿದೆ. ಇಬ್ಬರಿಗೂ ನಾಚಿಕೆಯಾಗಲಿಲ್ಲ. ಈಗ ಆಗುತ್ತಿದೆ, ಒಬ್ಬನಿಗಾದರೂ.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಮುಚ್ಚಿಟ್ಟರೆ ಮತ್ತೆ ಅದೇ ತಪ್ಪು. ನಡುಮನೆಯ ಸೋಫಾದಲ್ಲಿ ಬೆನ್ನು ಹಿಡಿಯುತ್ತದೆ ಎಂದು ಫೆಬ್ರವರಿಯಿಂದ ಅವನು ನಿನ್ನ ಕೋಣೆಯಲ್ಲಿ ಮಲಗುತ್ತಿದ್ದ. ನಿನ್ನ ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ್ದ. ನಾನು ನೋಡಿಯೂ ಸುಮ್ಮನಿದ್ದೆ. ವಾರಕ್ಕೊಮ್ಮೆ ಗುಡಿಸುತ್ತಿದ್ದೆನಲ್ಲ, ಆ ಡಬ್ಬದ ಸುತ್ತಲೂ ಗುಡಿಸಿದೆ.

ಕಾಗದ ಓದಿದ ದಿನ ಅವನನ್ನು ಕೂರಿಸಿಕೊಂಡು ಹೇಳಿದೆ. "ನೀನು ನನ್ನ ಮಗ, ಹೌದು. ಆದ್ರೆ ಆ ಕೋಣೆ ಅವಳದು. ನೀನು ಬೇರೆ ರೂಮ್ ನೋಡ್ಕೋ." ಏನೋ ಹೇಳಿದ. ಕೇಳಿಸಲಿಲ್ಲ. ಮತ್ತೆ ಹೇಳು ಎಂದೆ. "ಅವಳು ಬರಲ್ಲ ಅಂತ ಬರೆದಿದಾಳಲ್ಲ, ಮತ್ತೆ ಕೋಣೆ ಯಾರಿಗೆ?" ಎಂದು ಕೂಗಿದ. ಕೈಯಲ್ಲಿದ್ದ ಕಾಗದವನ್ನು ನಾನು ಕೊಟ್ಟಿರಲಿಲ್ಲ. ಅಂದರೆ ನಾನು ಸ್ನಾನಕ್ಕೆ ಹೋದಾಗ ಓದಿದ್ದಾನೆ. ಸೊಸೆ, ಬದುಕಿನಲ್ಲಿ ಅವನ ಮೇಲೆ ನಾನು ಕೈ ಎತ್ತಿದವನಲ್ಲ. ಆವತ್ತೂ ಎತ್ತಲಿಲ್ಲ. ಆದರೆ ಅವನ ಚೀಲವನ್ನು ನಾನೇ ತುಂಬಿದೆ, ಅಂಗಿಗಳನ್ನು ಮಡಿಸಿಯೇ ತುಂಬಿದೆ. ಬಸ್ ಡಿಪೋ ಹತ್ತಿರ ಒಂದು ರೂಮು ಹಿಡಿದಿದ್ದಾನೆ. ಭಾನುವಾರ ಬಂದು ಕ್ಯಾನುಗಳಿಗೆ ನೀರು ನೋಡಿ ಹೋಗುತ್ತಾನೆ. ಅಷ್ಟನ್ನು ಬೇಡ ಎನ್ನಲು ನನ್ನಿಂದಾಗಲಿಲ್ಲ.

ಇದರಿಂದ ನೀನು ತಿರುಗಿ ಬರುತ್ತೀಯ ಎಂದು ನಾನು ತಿಳಿದಿಲ್ಲ. ಬರಲಿ ಎಂದು ಹೀಗೆ ಮಾಡಿದ್ದೂ ಅಲ್ಲ. ಮೊದಲ ದಿನವೇ ಮಾಡಬೇಕಿತ್ತು. ಎಂಟು ವಾರ ತಡವಾಯಿತು.

ಹತ್ತೊಂಬತ್ತು ಕ್ಯಾನುಗಳಲ್ಲಿ ಮೊಳಕೆ ಬಂದಿದೆ. ಗಿಡ್ಡಗಿವೆ, ಗಟ್ಟಿಯಾಗಿವೆ. ಮೂರು ಸಲ ಮತ್ತೆ ಹಿಮ ಬಿದ್ದರೂ ಜಪ್ಪಯ್ಯ ಎನ್ನಲಿಲ್ಲ. ಇನ್ನು ಏಳರಲ್ಲಿ ಏನೂ ಇಲ್ಲ. ನಾನು ಯಾರಿಗೂ ಕೊಟ್ಟಿಲ್ಲ.

ಮಾವ

ಏಪ್ರಿಲ್ 19

ಮಾವ,

ಭಾನುವಾರ ನಾನು ಬಂದಾಗ ನೀವು ಹಿತ್ತಲಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಿರಿ. ಒಂದು ಮಾತೂ ಕೇಳಿಸಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವನು ನಿಮಗೆ ತನಗೆ ಬೇಕಾದ ಹಾಗೆ ಹೇಳುವ ಮೊದಲು ನಡೆದದ್ದನ್ನು ಹೇಳುತ್ತೇನೆ.

ಅವನು ಬರುವ ದಿನ ಎಂದು ಗೊತ್ತಿದ್ದೇ ಬಂದೆ. ಅವನು ಕ್ಯಾನುಗಳ ಟೇಪು ಬಿಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಪಾಸಾದ್ಯಂತೆ" ಎಂದ.

"ಆದೆ."

"ಯಾಕೆ ಹೋದೆ ಅಂತ ಕೇಳಲ್ವಾ?"

"ಎರಡು ವರ್ಷ ಕೇಳ್ಕೊಂಡೆ. ಉತ್ತರಾನೂ ನಾನೇ ನೂರು ಥರ ಕೊಟ್ಕೊಂಡೆ. ಈಗ ನಿನ್ನದು ನೂರ ಒಂದನೇದು, ಅಷ್ಟೇ."

"ಮತ್ತೆ ಶುರು ಮಾಡೋಣ. ನಾನು ಬದಲಾಗಿದೀನಿ."

"ಬದಲಾದವನು ನನ್ನ ಕಾಗದ ಕದ್ದು ಓದಲ್ಲ."

 ಅವನು ಕ್ಯಾನುಗಳ ಕಡೆ ಕೈ ತೋರಿಸಿ, "ಇದಕ್ಕೆಲ್ಲ ನಾನೇ ನೀರು ಹಾಕಿದ್ದು" ಎಂದ. ಚಿಕ್ಕ ಮಗುವಿನ ದನಿಯಲ್ಲಿ ಹೇಳಿದ ಮಾವ.  "ಗೊತ್ತು. ಚೆನ್ನಾಗಿ ಹಾಕಿದೀಯ. ಅದು ಬೇರೆ, ಇದು ಬೇರೆ. ಡೈವೋರ್ಸ್ ಕಾಗದ ಕಳಿಸ್ತೀನಿ, ಸಹಿ ಹಾಕು" ಎಂದೆ. "ಹಾಕ್ತೀನಿ" ಎಂದ. ಅಷ್ಟೇ. ನಡೆದದ್ದು ಇಷ್ಟು. ಎರಡು ವರ್ಷ ಇದಕ್ಕಾಗಿ ದೊಡ್ಡ ದೊಡ್ಡ ಮಾತು ಕೂಡಿಟ್ಟಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿದೆ.

ಹನ್ನೊಂದು ಕ್ಯಾನು ತಂದೆ. ಆಸ್ಪತ್ರೆಯ ಮುಂದಿನ ಗೋಡೆಯುದ್ದಕ್ಕೂ ಒಂದು ಪಟ್ಟಿ ಮಣ್ಣು ಖಾಲಿ ಬಿದ್ದಿತ್ತು. ಹೆರಿಗೆಗೆ ಬಂದವರ ಮನೆಯವರು ಅಲ್ಲೇ ನಿಂತು ಕಾಯುತ್ತಾರೆ, ಸಿಗರೇಟಿನ ತುಂಡು ಬಿಟ್ಟರೆ ಅಲ್ಲಿ ಏನೂ ಬೆಳೆದಿರಲಿಲ್ಲ. ಅದನ್ನು ಕೇಳಿ ಪಡೆದೆ. ಲಾರ್ಕ್‌ಸ್ಪರ್, ಪ್ಯಾನ್ಸಿ ಹೂಗಿಡಗಳನ್ನು ನೆಟ್ಟಿದ್ದೇನೆ. ಡ್ಯೂಟಿ ಮುಗಿದ ಮೇಲೆ ಬಗ್ಗಲು ಸೊಂಟದಲ್ಲಿ ಶಕ್ತಿ ಇರುವುದಿಲ್ಲ. ಹಾಲಿಹಾಕ್ ಎಂಟು ಕ್ಯಾನು ನಿಮ್ಮಲ್ಲೇ ಇವೆ. ಅವಕ್ಕೆ ಬೇರು ಆಳ, ಬೇಗ ನೆಡಬೇಕು.

ನಿಮ್ಮ ಮೇಲಿನ ಕೋಪ ಹೋಗಿಲ್ಲ. ಬೆಳಿಗ್ಗೆ ಹೋಯಿತು ಎನ್ನಿಸುತ್ತದೆ, ಮಧ್ಯಾಹ್ನ ಮತ್ತೆ ಬರುತ್ತದೆ. ಅದು ತಾನಾಗಿ ಹೋಗುವವರೆಗೆ ಕೈ ಹಾಕಿ ಎಳೆಯಬೇಡಿ. ಮೊನ್ನೆ ಬಂದೆನಾದರೂ, ಇರಲು ನಾನು ಆ ಮನೆಗೆ ಬರುವುದಿಲ್ಲ. ಕಾಗದಕ್ಕೆ ಸಹಿಯಾದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಬೇರೆ ಶಬ್ದ ನಿಮ್ಮ ಬಳಿ ಇದ್ದರೆ ಹೇಳಿ.

ನಾನು

ಮೇ 2

ಸೊಸೆಗೆ,

ಶಬ್ದ ಹುಡುಕಿದೆ. ಮನೆಯಲ್ಲಿರುವ ಎರಡು ನಿಘಂಟುಗಳನ್ನೂ ನೋಡಿದೆ. ಸಿಗಲಿಲ್ಲ.

ಗುರುವಾರ ಒಂಬತ್ತೂವರೆ ಬಸ್ಸಿಗೆ ಆಸ್ಪತ್ರೆಗೆ ಬಂದಿದ್ದೆ. ನಾಲ್ಕು ಹಾಲಿಹಾಕ್ ತಂದೆ, ಎರಡು ಚೀಲಕ್ಕೆ ಅಷ್ಟೇ ಹಿಡಿಯಿತು. ನೀನು ಹೆರಿಗೆ ಕೋಣೆಯಲ್ಲಿದ್ದೆ, ಹೊತ್ತಾಗುತ್ತದೆ ಎಂದರು. ಕರೆಸುವುದು ಬೇಡ ಎಂದೆ. ಗೋಡೆಯ ಆ ತುದಿಯಲ್ಲಿ, ಬಿಸಿಲು ಬೀಳುವಲ್ಲಿ, ಒಂದೊಂದು ಮೊಳ ಬಿಟ್ಟು ನೆಟ್ಟಿದ್ದೇನೆ. ಮಂಡಿ ಊರಿದವನು ಎದ್ದೇಳಲಾಗದೆ ಒದ್ದಾಡಿದೆ. ಯಾರೋ ಒಬ್ಬ ಹೊಸ ಅಪ್ಪ ಬಂದು ಕೈ ಕೊಟ್ಟ. ಉಳಿದ ನಾಲ್ಕನ್ನು ಮುಂದಿನ ಗುರುವಾರ ತರುತ್ತೇನೆ. ಬೇಡವೆಂದರೆ ಒಂದು ಸಾಲು ಬರೆ, ತರುವುದಿಲ್ಲ.

ಒಳಗೆ ಬಿಡುವ ಮೊದಲು ಗೇಟಿನ ಕಾವಲುಗಾರ ದಪ್ಪ ಪುಸ್ತಕ ತೆಗೆದು, ಯಾರನ್ನು ನೋಡಬೇಕು ಎಂದು ಕೇಳಿದ. ನಿನ್ನ ಹೆಸರು ಹೇಳಿದೆ. "ಅವರಿಗೆ ನೀವು ಏನಾಗಬೇಕು?" ಎಂದ. ಕೇಳಿಸಲಿಲ್ಲ ಎಂದು ನಟಿಸಿದೆ, ಯೋಚಿಸಲು ಹೊತ್ತು ಬೇಕಿತ್ತು. ಅವನು ಎದ್ದು ಬಂದು ಕಿವಿಯಲ್ಲಿ ಕೂಗಿದ, "ಅಜ್ಜಾ, ಆ ಸಿಸ್ಟರ್‌ಗೆ ನೀವು ಏನಾಗಬೇಕು?" ಗೇಟಿನ ಹತ್ತಿರವಿದ್ದವರೆಲ್ಲ ತಿರುಗಿ ನೋಡಿದರು.

"ಮಾವ" ಎಂದೆ.

ಅವನು ಹಾಗೇ ಬರೆದುಕೊಂಡ. ಪುಟದ ನಡುವಿನಲ್ಲಿದೆ, ನೀಲಿ ಶಾಯಿಯಲ್ಲಿ. ನಿನ್ನನ್ನು ಕೇಳದೆ ಬರೆಸಿದ್ದೇನೆ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಡ್ಯೂಟಿ ಮುಗಿಸಿ ಹೋಗುವಾಗ ಅವನಿಗೆ ಹೇಳಿ ಹೊಡೆದುಹಾಕಿಸು. ನಾನು ಗುರುವಾರ ಬಂದು ಪುಟ ತಿರುವಿ ನೋಡಿ ತಿಳಿದುಕೊಳ್ಳುತ್ತೇನೆ.

ಮಾವ